ಹೊಗೆ ಮೂಸುವ ಮೂಗಿಗೆ ಏನಾಯಿತು?

ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಭಾನುವಾರದ ಬೆಳಿಗ್ಗೆ. ನಮ್ಮ ಮನೆಯ ಮುಂದೆ ಹಳದಿ ಬಣ್ಣದ ಮಿನಿ ಬಸ್ಸೊಂದು ಬಂದು ನಿಂತಿತು. ಸುತ್ತಲಿನ ಹಳ್ಳಿಗಳಿಂದ ಮಕ್ಕಳನ್ನು ಶಾಲೆಗೆ ಕರೆತರುವ ಗಾಡಿ ಅದು. ಅದರ ಮಾಲೀಕರೇ ಅದರ ಡ್ರೈವರು. ಬ್ಯಾಂಕಿನ ಸಾಲದಲ್ಲಿ ಕೊಂಡ ಗಾಡಿಯಾದ್ದರಿಂದ ತಿಂಗಳ ಕಂತು ತಪ್ಪುವಂತಿಲ್ಲ. ಅವರು ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತವರೇ ಕೇಳಿದರು:

‘ಮೇಷ್ಟ್ರೇ, ಈ ಸೆನ್ಸರ್ ಅನ್ನೋದು ಇಲ್ಲದಿದ್ದರೆ ಗಾಡಿ ಓಡೋದೇ ಇಲ್ವ?’

ಅವರ ಕಥೆ ಇಷ್ಟು. ಮೂರು ವಾರಗಳ ಹಿಂದೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡಿತು. ಗ್ಯಾರೇಜಿನವರು ಸ್ಕ್ಯಾನರ್ ಜೋಡಿಸಿ ನೋಡಿ, ‘ನಾಕ್ಸ್ ಸೆನ್ಸರ್ ಹೋಗಿದೆ’ ಎಂದರು. ಇಪ್ಪತ್ತು ಸಾವಿರಕ್ಕೂ ಮೇಲೆ ಖರ್ಚು. ಸಾಲ ಮಾಡಿ ಹೊಸದು ಹಾಕಿಸಿದರು. ಒಂಬತ್ತನೆಯ ದಿನ ಅದೇ ದೀಪ ಮತ್ತೆ ಹತ್ತಿತು. ಈ ಸಲ ಎಂಜಿನ್ನಿನ ಶಕ್ತಿಯೂ ಕುಂದಿತು. ಮಕ್ಕಳು ತುಂಬಿದ್ದ ಬಸ್ಸು ಕೆರೆ ಏರಿಯ ದಿಣ್ಣೆ ಹತ್ತಲಾರದೆ ತೆವಳಿತು. ಮೊದಲ ಗ್ಯಾರೇಜಿನವರು ‘ಇನ್ನೊಂದು ಸೆನ್ಸರೂ ಹೋಗಿರಬೇಕು, ಅದನ್ನೂ ಹಾಕಿಬಿಡೋಣ’ ಎಂದರು. ಇನ್ನೊಬ್ಬರು ಸುಲಭದ ದಾರಿ ತೋರಿಸಿದರು: ‘ಐದು ಸಾವಿರ ಕೊಡಿ. ಸೆನ್ಸರ್ ಕಿತ್ತು ಒಂದು ಸಣ್ಣ ಡಬ್ಬಿ ಕೂರಿಸ್ತೀನಿ. ದೀಪ ಜನ್ಮದಲ್ಲಿ ಬರಲ್ಲ.’

‘ನಾಳೆ ಸೋಮವಾರ, ಮಕ್ಕಳನ್ನ ಕರೆತರಬೇಕು. ಇವತ್ತೇ ಆ ಡಬ್ಬಿ ಹಾಕಿಸಿಬಿಡಲಾ?’ ಎಂದು ಅವರು ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ‘ಎರಡು ದಿನ ತಡೀರಿ’ ಎಂದೆ. ಎರಡು ದಿನ ಎಂದರೆ ಅವರಿಗೆ ಎರಡು ದಿನದ ಬಾಡಿಗೆ ಗಾಡಿಯ ಖರ್ಚು, ಜೊತೆಗೆ ಪೋಷಕರ ಗೊಣಗಾಟ. ಆದರೂ ಅವರು ನನ್ನ ಮಾತಿಗೆ ಒಪ್ಪಿದರು. ಆ ಎರಡು ದಿನಗಳಲ್ಲಿ ನಾನು ಕಲಿತದ್ದನ್ನು ವಿದ್ಯಾರ್ಥಿಗಳೊಂದಿಗೂ ಅವರ ತಂದೆತಾಯಿಯರೊಂದಿಗೂ ಹಂಚಿಕೊಳ್ಳಬೇಕೆನಿಸಿತು. ಏಕೆಂದರೆ ಇದು ಬರೀ ಗ್ಯಾರೇಜಿನ ವಿಷಯವಲ್ಲ; ಹತ್ತನೆಯ ತರಗತಿಯ ವಿಜ್ಞಾನದ ವಿಷಯ.

ಡೀಸೆಲ್ ಎಂಜಿನ್ನಿನ ಎರಡು ಕೊಳೆ

ಜರ್ಮನಿಯ ರುಡಾಲ್ಫ್ ಡೀಸೆಲ್ ರೂಪಿಸಿದ ಎಂಜಿನ್ 1897ರಲ್ಲಿ ಯಶಸ್ವಿಯಾಗಿ ಕೆಲಸ ಮಾಡಿತು. ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಕಿಡಿ ಹಾರಿಸುವ ಪ್ಲಗ್ ಇದರಲ್ಲಿಲ್ಲ. ಗಾಳಿಯನ್ನೇ ಬಲವಾಗಿ ಅದುಮಿದಾಗ ಅದು ಕಾಯುತ್ತದೆ. ಸೈಕಲ್ ಪಂಪಿನಿಂದ ಗಾಳಿ ತುಂಬುವಾಗ ಪಂಪಿನ ತಳ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರಬಹುದು. ಡೀಸೆಲ್ ಎಂಜಿನ್ನಿನಲ್ಲಿ ಆ ಬಿಸಿ ಎಷ್ಟಿರುತ್ತದೆಂದರೆ, ಒಳಗೆ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಈ ಉರಿಯಿಂದ ಮುಖ್ಯವಾಗಿ ಎರಡು ಕೊಳೆ ಹುಟ್ಟುತ್ತವೆ. ಒಂದು, ಕಣ್ಣಿಗೆ ಕಾಣುವ ಮಸಿ. ಸರಿಯಾಗಿ ಗಾಳಿ ಬೆರೆಯದ ಕಡೆ ಇಂಧನ ಪೂರ್ತಿ ಉರಿಯದೆ ಇಂಗಾಲದ ಕಣಗಳಾಗಿ ಉಳಿಯುತ್ತದೆ. ಇನ್ನೊಂದು, ಹೊರಬರುವಾಗ ಕಣ್ಣಿಗೆ ಬೀಳದ ಸಾರಜನಕದ ಆಕ್ಸೈಡ್‌ಗಳು. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕ, ಶೇ. 21ರಷ್ಟು ಆಮ್ಲಜನಕ ಇವೆಯಷ್ಟೆ. ಸಾರಜನಕ ಮಹಾ ಸೋಮಾರಿ ಅನಿಲ. ಸಾಮಾನ್ಯವಾಗಿ ಯಾರ ಗೊಡವೆಗೂ ಹೋಗುವುದಿಲ್ಲ. ಆದರೆ ಉಷ್ಣತೆ 1500 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದೂ ಆಮ್ಲಜನಕದೊಡನೆ ಗಣನೀಯವಾಗಿ ಕೂಡಿಕೊಳ್ಳುತ್ತದೆ. ಹೀಗೆ ಹುಟ್ಟುವ ಆಕ್ಸೈಡ್‌ಗಳನ್ನು ಒಟ್ಟಾಗಿ ‘ನಾಕ್ಸ್’ ಎನ್ನುತ್ತಾರೆ. ಇವು ಶ್ವಾಸನಾಳಗಳನ್ನು ಕೆರಳಿಸುತ್ತವೆ, ಬಿಸಿಲಿನಲ್ಲಿ ಇತರ ಆವಿಗಳೊಡನೆ ಸೇರಿ ನೆಲಮಟ್ಟದಲ್ಲೇ ಓಜೋನ್ ಉಂಟುಮಾಡುತ್ತವೆ, ಆಮ್ಲಮಳೆಗೂ ಕಾರಣವಾಗುತ್ತವೆ. ಆಸ್ತಮಾ ಇರುವ ಮಕ್ಕಳಿಗೆ ಇದರ ತೊಂದರೆ ಹೆಚ್ಚು.

ವಿಚಿತ್ರವೆಂದರೆ ಈ ಎರಡು ಕೊಳೆಗಳಿಗೆ ಎಣ್ಣೆ-ಸೀಗೆಕಾಯಿ ಸಂಬಂಧ. ಉರಿಯನ್ನು ಹೆಚ್ಚು ಬಿಸಿಯಾಗಿಸಿದರೆ ಮಸಿ ಕಡಿಮೆಯಾಗಿ ನಾಕ್ಸ್ ಹೆಚ್ಚುತ್ತದೆ. ಉರಿಯನ್ನು ತಣ್ಣಗಾಗಿಸಿದರೆ ನಾಕ್ಸ್ ತಗ್ಗಿ ಮಸಿ ಹೆಚ್ಚುತ್ತದೆ. ಎರಡನ್ನೂ ಎಂಜಿನ್ನಿನ ಒಳಗೇ ಹಿಡಿದಿಡುವುದು ಕಷ್ಟ. ಆದ್ದರಿಂದಲೇ ಸೈಲೆನ್ಸರಿನ ದಾರಿಯಲ್ಲಿ ಒಂದು ಸಣ್ಣ ರಾಸಾಯನಿಕ ಕಾರ್ಖಾನೆಯನ್ನೇ ಕೂರಿಸಬೇಕಾಯಿತು.

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ನಿಯಮ ಜಾರಿಗೆ ಬಂತು. ಬಿಎಸ್-4ರ ನಂತರ ಬಿಎಸ್-5ನ್ನು ಬಿಟ್ಟು ನೇರವಾಗಿ ಆರಕ್ಕೆ ಜಿಗಿದೆವು. ಡೀಸೆಲ್ ಕಾರೊಂದು ಕಿಲೋಮೀಟರಿಗೆ ಬಿಡಬಹುದಾಗಿದ್ದ ನಾಕ್ಸ್ 250 ಮಿಲಿಗ್ರಾಮಿನಿಂದ 80 ಮಿಲಿಗ್ರಾಮಿಗೆ ಇಳಿಯಿತು. ಕಣಗಳ ಮಿತಿ 25ರಿಂದ 4.5 ಮಿಲಿಗ್ರಾಮಿಗೆ ಇಳಿಯಿತು. ಡೀಸೆಲ್‌ನಲ್ಲಿರುವ ಗಂಧಕದ ಮಿತಿಯೂ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು.

ಜರಡಿ ಮತ್ತು ಯೂರಿಯ

ಮಸಿಯನ್ನು ಹಿಡಿಯಲು ಪಿಂಗಾಣಿಯ ಜರಡಿಯೊಂದಿದೆ. ಜೇನುಗೂಡಿನಂತೆ ಸಾವಿರಾರು ಸಣ್ಣ ಕೊಳವೆಗಳು. ಒಂದರ ಬಾಯಿ ಹಿಂದೆ ಮುಚ್ಚಿದ್ದರೆ ಪಕ್ಕದ್ದರ ಬಾಯಿ ಮುಂದೆ ಮುಚ್ಚಿರುತ್ತದೆ. ಹೊಗೆ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕವೇ ತೂರಿ ಹೋಗಬೇಕು. ಮಸಿ ಅಲ್ಲೇ ಉಳಿಯುತ್ತದೆ. ಮಸಿ ತುಂಬಿದಾಗ ಗಣಕವು ಜರಡಿಯ ಉಷ್ಣತೆಯನ್ನು 600 ಡಿಗ್ರಿಯ ಆಸುಪಾಸಿಗೆ ಏರಿಸಿ ಅದನ್ನು ಸುಟ್ಟುಬಿಡುತ್ತದೆ.

ನಾಕ್ಸ್‌ಗೆ ಮದ್ದು ಯೂರಿಯ. ಹೌದು, ಹೊಲಕ್ಕೆ ಹಾಕುವ ಅದೇ ಸಂಯುಕ್ತ. ಆದರೆ ಗೊಬ್ಬರದ ಚೀಲದ್ದಲ್ಲ; ಶೇ. 32.5ರಷ್ಟು ಶುದ್ಧ ಯೂರಿಯವನ್ನು ಲವಣಗಳಿಲ್ಲದ ನೀರಿನಲ್ಲಿ ಕರಗಿಸಿದ ದ್ರಾವಣ. ಅದನ್ನು ಬಿಸಿ ಹೊಗೆಗೆ ಸಿಂಪಡಿಸಿದಾಗ ಅಮೋನಿಯ ಹುಟ್ಟುತ್ತದೆ. ಕ್ರಿಯಾವರ್ಧಕದ ಮೇಲ್ಮೈಯಲ್ಲಿ ಅಮೋನಿಯ ಮತ್ತು ನಾಕ್ಸ್ ಪರಸ್ಪರ ವರ್ತಿಸಿ ಸಾರಜನಕ ಮತ್ತು ನೀರಾವಿಯಾಗುತ್ತವೆ. ಎರಡೂ ನಿರುಪದ್ರವಿ.

ಎಷ್ಟು ಯೂರಿಯ ಸಿಂಪಡಿಸಬೇಕು? ಕಡಿಮೆಯಾದರೆ ನಾಕ್ಸ್ ಉಳಿಯುತ್ತದೆ. ಹೆಚ್ಚಾದರೆ ಅಮೋನಿಯದ ಘಾಟು ಹೊರಬರುತ್ತದೆ. ಇದನ್ನು ತೀರ್ಮಾನಿಸಲು ಗಣಕಕ್ಕೊಂದು ಮೂಗು ಬೇಕು. ಆ ಮೂಗೇ ನಾಕ್ಸ್ ಸೆನ್ಸರ್. ಸಾಮಾನ್ಯವಾಗಿ ಇಂಥವು ಎರಡು: ಶುದ್ಧೀಕರಣದ ಮೊದಲೊಂದು, ನಂತರ ಮತ್ತೊಂದು. ಮೊದಲನೆಯದು ‘ಎಷ್ಟು ಕೊಳೆ ಬಂತು’ ಎಂದು ಹೇಳಿದರೆ ಎರಡನೆಯದು ‘ಎಷ್ಟು ಉಳಿಯಿತು’ ಎಂದು ಹೇಳುತ್ತದೆ.

ಪಿಂಗಾಣಿಯ ಮೂಗು

ಈ ಮೂಗಿನ ಮುಖ್ಯ ವಸ್ತು ಜಿರ್ಕೋನಿಯ ಎಂಬ ಪಿಂಗಾಣಿ. ತಣ್ಣಗಿದ್ದಾಗ ಇದು ವಿದ್ಯುತ್ತನ್ನು ಒಯ್ಯುವುದಿಲ್ಲ. ಚೆನ್ನಾಗಿ ಕಾದಾಗ ಆಮ್ಲಜನಕದ ಅಯಾನುಗಳು ಇದರೊಳಗೆ ಚಲಿಸತೊಡಗುತ್ತವೆ. ಆದ್ದರಿಂದ ಸೆನ್ಸರಿನೊಳಗೆ ಪುಟ್ಟ ಹೀಟರ್ ಇದೆ. ಅದು ಪಿಂಗಾಣಿಯನ್ನು ಕೆಂಪಗೆ ಕಾಯಿಸುತ್ತದೆ.

ಒಳಗೆ ಎರಡು ಪುಟ್ಟ ಕೋಣೆಗಳಿವೆ. ಮೊದಲ ಕೋಣೆಯಲ್ಲಿ ಹೊಗೆಯಲ್ಲಿರುವ ಆಮ್ಲಜನಕವನ್ನು ವಿದ್ಯುತ್ತಿನ ನೆರವಿನಿಂದ ಹೊರಗೆ ತಳ್ಳಲಾಗುತ್ತದೆ. ಎರಡನೆಯ ಕೋಣೆಗೆ ಬಂದ ನಾಕ್ಸನ್ನು ಸಾರಜನಕ ಮತ್ತು ಆಮ್ಲಜನಕವಾಗಿ ಒಡೆಯಲಾಗುತ್ತದೆ. ಆಗ ಅಲ್ಲಿರುವ ಆಮ್ಲಜನಕವೆಲ್ಲ ನಾಕ್ಸಿನಿಂದಲೇ ಬಂದದ್ದು ಎಂದಾಯಿತಲ್ಲ! ಅದನ್ನು ಹೊರತಳ್ಳಲು ಬೇಕಾದ ಅತ್ಯಲ್ಪ ವಿದ್ಯುತ್ ಪ್ರವಾಹವನ್ನು ಅಳೆದರೆ ನಾಕ್ಸ್ ಎಷ್ಟಿತ್ತೆಂದು ತಿಳಿಯುತ್ತದೆ. ಒಂದನ್ನು ಕಳೆದು ಉಳಿದದ್ದನ್ನು ಅಳೆಯುವ ಈ ಉಪಾಯ ನನಗೆ ಬಹಳ ಮೆಚ್ಚಿಗೆಯಾಯಿತು.

ಇನ್ನೊಂದು ಸಂಗತಿ ಗಮನಿಸಿ. ಎಂಜಿನ್ ಚಾಲೂ ಮಾಡಿದ ಕೂಡಲೇ ಹೀಟರ್ ಪೂರ್ತಿ ಶಕ್ತಿಯಿಂದ ಕೆಲಸ ಮಾಡುವುದಿಲ್ಲ. ತಣ್ಣಗಿನ ಸೈಲೆನ್ಸರಿನಲ್ಲಿ ನೀರಿನ ಹನಿಗಳಿರುತ್ತವೆ. ಕೆಂಪಗೆ ಕಾದ ಪಿಂಗಾಣಿಗೆ ಹನಿ ತಾಗಿದರೆ ಅದು ಬಿರುಕು ಬಿಡುತ್ತದೆ. ಹೊಗೆಯ ದಾರಿ ಸಾಕಷ್ಟು ಬಿಸಿಯಾಗಿ ನೀರು ಆವಿಯಾಗುವವರೆಗೆ ಗಣಕ ಕಾಯುತ್ತದೆ. ಈ ಸಣ್ಣ ವಿವರವೇ ಮುಂದೆ ನಮಗೆ ಸುಳಿವು ಕೊಟ್ಟದ್ದು.

ನನ್ನ ಊಹೆ ಸೋತದ್ದು

ನಾನೂ ಎಲ್ಲರಂತೆ ಮೊದಲು ಊಹಿಸಿದೆ. ಡ್ರೈವರು ಯೂರಿಯ ದ್ರಾವಣವನ್ನು ಯಾವುದೋ ಅಂಗಡಿಯಲ್ಲಿ ಬಿಡಿಯಾಗಿ ಕೊಂಡಿದ್ದರು. ‘ನೀರು ಬೆರೆಸಿರುತ್ತಾರೆ, ಅದಕ್ಕೇ ನಾಕ್ಸ್ ಉಳಿಯುತ್ತಿದೆ’ ಎಂದು ನಾನು ತೀರ್ಪು ಕೊಟ್ಟುಬಿಟ್ಟೆ. ಆದರೆ ಊಹೆಯನ್ನು ಪರೀಕ್ಷೆಗೆ ಒಡ್ಡಬೇಕೆಂದು ಮಕ್ಕಳಿಗೆ ಹೇಳುವವನು ನಾನೇ ಅಲ್ಲವೇ? ಸೋಮವಾರ ಶಾಲೆಯ ಪ್ರಯೋಗಾಲಯದಲ್ಲಿ ಸಾಪೇಕ್ಷ ಸಾಂದ್ರತೆಯ ಬಾಟಲಿ ತೆಗೆದೆ. ಒಂಬತ್ತನೆಯ ತರಗತಿಯ ನಾಲ್ವರು ಮಕ್ಕಳು ಸುತ್ತ ನಿಂತರು.

ಬಾಟಲಿಯಲ್ಲಿ 50 ಗ್ರಾಂ ನೀರು ಹಿಡಿಯಿತು. ಅದೇ ಬಾಟಲಿಯಲ್ಲಿ ಯೂರಿಯ ದ್ರಾವಣ 54.4 ಗ್ರಾಂ ತೂಗಿತು. ಭಾಗಿಸಿದರೆ 1.088. ಸರಿಯಾದ ದ್ರಾವಣದ ಸಾಂದ್ರತೆ 20 ಡಿಗ್ರಿಯಲ್ಲಿ ಮಿಲಿಲೀಟರಿಗೆ 1.087ರಿಂದ 1.093 ಗ್ರಾಂ ಇರಬೇಕು. ಅರ್ಧಕ್ಕರ್ಧ ನೀರು ಬೆರೆಸಿದ್ದರೆ 1.05ಕ್ಕಿಂತಲೂ ಕೆಳಗೆ ಇಳಿಯಬೇಕಿತ್ತು. ‘ಸರ್, ಅಂಗಡಿಯವರು ಮೋಸ ಮಾಡಿಲ್ಲ’ ಎಂದು ಹುಡುಗಿಯೊಬ್ಬಳು ಹೇಳಿದಾಗ ನಾನು ತಲೆದೂಗಲೇಬೇಕಾಯಿತು. ಈ ಪರೀಕ್ಷೆ ದ್ರಾವಣದ ಪ್ರಮಾಣವನ್ನು ಮಾತ್ರ ಹೇಳುತ್ತದೆ, ಶುದ್ಧತೆಯನ್ನಲ್ಲ ಎಂಬುದೂ ನಿಜ. ಆದರೂ ನೀರು ಬೆರೆಸಿದ್ದಾರೆಂಬ ನನ್ನ ಊಹೆ ಅಲ್ಲಿಗೆ ಬಿದ್ದುಹೋಯಿತು.

ಆಗ ನೆನಪಾದವನು ನನ್ನ ಹಳೆಯ ವಿದ್ಯಾರ್ಥಿ. ಓಮನ ನಿಯಮದ ಲೆಕ್ಕಗಳಲ್ಲಿ ಸದಾ ಸೊನ್ನೆ ತೆಗೆದುಕೊಳ್ಳುತ್ತಿದ್ದ ಹುಡುಗ. ಹತ್ತನೇ ತರಗತಿಯನ್ನು ಹೇಗೋ ದಾಟಿ, ಐಟಿಐ ಮುಗಿಸಿ, ಈಗ ಜಿಲ್ಲಾ ಕೇಂದ್ರದಲ್ಲಿ ಡೀಸೆಲ್ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಾನೆ. ಫೋನ್ ಮಾಡಿದೆ. ಮಂಗಳವಾರ ಬೆಳಿಗ್ಗೆ ಮೋಟಾರ್ ಸೈಕಲ್ಲಿನಲ್ಲಿ ಬಂದ.

ಸಂಕೇತ ಏನು ಹೇಳುತ್ತದೆ, ಏನು ಹೇಳುವುದಿಲ್ಲ

‘ಸರ್, ಕೋಡ್ ಏನು ಬಂದಿತ್ತು?’ ಇದು ಅವನ ಮೊದಲ ಪ್ರಶ್ನೆ. ನಾನು ಅದನ್ನು ಕೇಳಿಯೇ ಇರಲಿಲ್ಲ!

ಸ್ಟೀರಿಂಗಿನ ಕೆಳಗಿದ್ದ 16 ಪಿನ್ನಿನ ಸಾಕೆಟ್ಟಿಗೆ ಅವನು ಸ್ಕ್ಯಾನರ್ ಸಿಕ್ಕಿಸಿದ. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾದ ಈ ವ್ಯವಸ್ಥೆ ಈಗ ನಮ್ಮಲ್ಲೂ ರೂಢಿಯಾಗಿದೆ. ವಾಹನದ ಗಣಕ ತನ್ನ ಕಷ್ಟವನ್ನು ಅಕ್ಷರ, ಅಂಕಿಗಳ ಸಂಕೇತದಲ್ಲಿ ಬರೆದಿಟ್ಟಿರುತ್ತದೆ. ನಮ್ಮ ಬಸ್ಸಿನಲ್ಲಿದ್ದ ಸಂಕೇತ ‘ಯು029ಇ’. ಅರ್ಥ: ‘ಎರಡನೆಯ ನಾಕ್ಸ್ ಸೆನ್ಸರಿನೊಡನೆ ಮಾತುಕತೆ ಕಡಿದುಹೋಗಿದೆ.’

‘ನೋಡಿ ಸರ್, ಸೆನ್ಸರ್ ಕೆಟ್ಟಿದೆ ಅಂತ ಇಲ್ಲಿ ಎಲ್ಲೂ ಬರೆದಿಲ್ಲ. ಅದು ಮಾತಾಡ್ತಿಲ್ಲ ಅಂತ ಬರೆದಿದೆ. ಮನುಷ್ಯ ಮಾತಾಡದಿದ್ದರೆ ಸತ್ತೇ ಹೋಗಿರಬೇಕಾ? ಹೊಟ್ಟೆಗೆ ಇಲ್ಲದೆ ಮಲಗಿರಬಹುದು, ಫೋನಿನ ತಂತಿ ತುಂಡಾಗಿರಬಹುದು.’

ಎಷ್ಟು ಸರಿಯಾದ ಮಾತು! ಪಿ2202, ಪಿ2203 ಎಂಬ ಸಂಕೇತಗಳಿದ್ದರೆ ನಾಕ್ಸ್ ಸೆನ್ಸರಿನ ವಿದ್ಯುನ್ಮಂಡಲದ ಸಂಕೇತ ತೀರಾ ಕೆಳಗೆ ಅಥವಾ ತೀರಾ ಮೇಲೆ ಇದೆಯೆಂದು ಅರ್ಥ. ಪಿ20ಇಇ ಬಂದರೆ ನಾಕ್ಸ್ ಶುದ್ಧೀಕರಣದ ದಕ್ಷತೆ ಕಡಿಮೆಯಾಗಿದೆ ಎಂದರ್ಥ. ಯೂರಿಯದಲ್ಲಿ ನೀರು ಬೆರೆಸಿದ್ದರೆ ಬರಬೇಕಾಗಿದ್ದುದು ಆ ಬಗೆಯ ಸಂಕೇತ. ನೀರು ಬೆರೆತ ಯೂರಿಯ ಸೆನ್ಸರನ್ನು ಮೂಕನನ್ನಾಗಿ ಮಾಡಲಾರದು. ನಾನು ಒಂದು ದಿನ ಹಾಳುಮಾಡಿದ್ದು ಹೀಗೆ. ಗಣಕ ತಾನು ಕಂಡದ್ದನ್ನು ಹೇಳುತ್ತದೆ. ಯಾವ ಭಾಗ ಬದಲಿಸಬೇಕೆಂದು ಹೇಳುವುದಿಲ್ಲ. ಜ್ವರದ ಉಷ್ಣಮಾಪಕ 102 ಡಿಗ್ರಿ ತೋರಿಸಿದರೆ ಅದು ಮಲೇರಿಯವೋ ಟೈಫಾಯಿಡೋ ಎಂದು ವೈದ್ಯರು ಬೇರೆ ಪರೀಕ್ಷೆಗಳಿಂದ ತಿಳಿಯಬೇಕಾದಂತೆಯೇ ಇದು.

ಅವನ ಎರಡನೆಯ ಪ್ರಶ್ನೆ ಡ್ರೈವರಿಗೆ: ‘ಅಣ್ಣಾ, ದೀಪ ಯಾವಾಗ ಬರುತ್ತೆ? ಸ್ಟಾರ್ಟ್ ಮಾಡಿದ ತಕ್ಷಣವೋ, ಓಡಿದ ಮೇಲೋ?’

‘ಓಡಿದ ಮೇಲೆ. ಹತ್ತು-ಹದಿನೈದು ನಿಮಿಷ ಆಗಬೇಕು. ಗ್ಯಾರೇಜಲ್ಲಿ ನಿಂತಾಗ ಎಲ್ಲ ಸರಿಯಾಗೇ ಇರುತ್ತೆ.’

ಹುಡುಗ ನಕ್ಕ. ‘ಹೀಟರ್ ಜೋರಾಗಿ ಕರೆಂಟ್ ಎಳೆಯೋದು ಆವಾಗಲೇ.’

ಅರ್ಧ ಸತ್ಯ ಹೇಳಿದ ಮೀಟರ್

ಸೆನ್ಸರಿನ ಪ್ಲಗ್ಗಿನಲ್ಲಿ ನಾಲ್ಕು ತಂತಿಗಳಿದ್ದವು. ಎರಡು ವಿದ್ಯುತ್ತಿಗೆ, ಎರಡು ಗಣಕದೊಡನೆ ಮಾತಿಗೆ. ಪ್ಲಗ್ ಕಳಚಿ, ಬೀಗದ ಕೈ ತಿರುಗಿಸಿ, ವಿದ್ಯುತ್ತಿನ ಎರಡು ಪಿನ್ನುಗಳಿಗೆ ಮಲ್ಟಿಮೀಟರ್ ಇಟ್ಟ. 12.3 ವೋಲ್ಟ್. ಬ್ಯಾಟರಿಯಲ್ಲಿ ಎಷ್ಟಿದೆಯೋ ಅಷ್ಟೇ. ‘ಕರೆಂಟ್ ಸರಿಯಾಗಿಯೇ ಬರುತ್ತಿದೆಯಲ್ಲಪ್ಪ’ ಎಂದೆ. ಹಿಂದಿನ ಗ್ಯಾರೇಜಿನವರೂ ಬಹುಶಃ ಇಲ್ಲಿಗೇ ನಿಲ್ಲಿಸಿರಬೇಕು.

ಅವನು ಚೀಲದಿಂದ ಗಾಡಿಯ ಬ್ರೇಕ್ ದೀಪದ ಬಲ್ಬೊಂದನ್ನು ತೆಗೆದ. 12 ವೋಲ್ಟಿನ, 21 ವ್ಯಾಟಿನ ಸಾಮಾನ್ಯ ಬಲ್ಬು. ಅದಕ್ಕೆ ಎರಡು ತಂತಿ ಬೆಸುಗೆ ಹಾಕಿಕೊಂಡಿದ್ದ. ಅದನ್ನು ಅದೇ ಎರಡು ಪಿನ್ನುಗಳಿಗೆ ಜೋಡಿಸಿದ. ಬಲ್ಬು ಬೆಳ್ಳಗೆ ಬೆಳಗಬೇಕಾಗಿತ್ತು. ಮಂಕಾಗಿ ಹಳದಿಯಾಗಿ ಮಿಣುಕಿತು. ಬಲ್ಬು ಉರಿಯುತ್ತಿದ್ದಂತೆಯೇ ಮೀಟರ್ ಇಟ್ಟ. 8.1 ವೋಲ್ಟ್! ಬಲ್ಬಿನ ಮೂಲಕ ಹರಿಯುತ್ತಿದ್ದ ಪ್ರವಾಹ 1.4 ಆಂಪಿಯರ್.

ಉಳಿದ 4.2 ವೋಲ್ಟ್ ಎಲ್ಲಿ ಹೋಯಿತು? ಓಮನ ನಿಯಮ ಹಾಕಿ ನೋಡಿ. 4.2ನ್ನು 1.4ರಿಂದ ಭಾಗಿಸಿದರೆ 3. ಅಂದರೆ ದಾರಿಯಲ್ಲೆಲ್ಲೋ 3 ಓಮ್ ರೋಧ ಅಡಗಿ ಕೂತಿದೆ. ಬಲ್ಬಿಲ್ಲದಾಗ ಇದು ಏಕೆ ಕಾಣಲಿಲ್ಲ? ಮೀಟರ್ ತಾನಾಗಿ ಸೆಳೆಯುವ ಪ್ರವಾಹ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಪ್ರವಾಹ ಇಲ್ಲದಿದ್ದರೆ ರೋಧದಲ್ಲಿ ನಷ್ಟವೂ ಇಲ್ಲ. ನಲ್ಲಿ ಮುಚ್ಚಿದ್ದಾಗ ಕಸ ಕಟ್ಟಿದ ಪೈಪಿನಲ್ಲೂ ನೀರಿನ ಒತ್ತಡ ಪೂರ್ತಿ ಇರುತ್ತದೆ. ನಲ್ಲಿ ತಿರುಗಿಸಿದಾಗಲೇ ನೀರು ಸಣ್ಣಗೆ ಬರುವುದು ಗೊತ್ತಾಗುವುದು.

ಸೆನ್ಸರಿನ ಹೀಟರ್ 2 ಆಂಪಿಯರ್ ಎಳೆದರೂ ಈ 3 ಓಮ್ ರೋಧದಲ್ಲಿ 6 ವೋಲ್ಟ್ ಕಳೆದುಹೋಗುತ್ತದೆ. ಉಳಿದ ಅರ್ಧ ಹೊಟ್ಟೆಯಲ್ಲಿ ಸೆನ್ಸರಿನ ವಿದ್ಯುನ್ಮಾನ ಭಾಗ ಕೆಲಸ ಮಾಡಲಾರದೆ ಮೂಕವಾಗುತ್ತದೆ. ಹೀಟರ್ ಜೋರಾಗುವುದು ಹತ್ತು-ಹದಿನೈದು ನಿಮಿಷ ಓಡಿದ ಮೇಲೆ. ದೀಪದ ಸಮಯಕ್ಕೂ ಇದಕ್ಕೂ ತಾಳೆಯಾಯಿತು.

ರೋಧ ಎಲ್ಲಿದೆ? ಬಲ್ಬು ಉರಿಯುತ್ತಿದ್ದಂತೆಯೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಪ್ಲಗ್ಗಿನ ಅರ್ತ್ ಪಿನ್ನಿಗೂ ಇಟ್ಟ. 4 ವೋಲ್ಟ್. ಧನ ತುದಿಯ ದಾರಿಯಲ್ಲಿ ನಷ್ಟ ಬರೀ 0.2 ವೋಲ್ಟ್. ಹಾಗಾದರೆ ದೋಷ ಅರ್ತ್ ದಾರಿಯಲ್ಲೇ ಇರಬೇಕು. ತಂತಿಯನ್ನು ಹಿಡಿದು ಬಸ್ಸಿನ ಅಡಿಗೆ ನುಸುಳಿದ. ಹಿಂದಿನ ಚಕ್ರದ ಹತ್ತಿರ, ಛಾಸಿಗೆ ಬಿಗಿದ ಒಂದು ಬೋಲ್ಟು. ಅದರ ಮೇಲೆ ಅಂಗೈ ದಪ್ಪ ಒಣಗಿದ ಕೆಸರು. ಕೆರೆದು ನೋಡಿದರೆ ಬೋಲ್ಟಿನ ಕೆಳಗೆ ತುಕ್ಕು, ತಂತಿಯ ತುದಿಯಲ್ಲಿ ಹಸಿರು ಕಿಲುಬು.

ಬೋಲ್ಟು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ, ಮತ್ತೆ ಬಿಗಿದು ಮೇಲೆ ಗ್ರೀಸ್ ಬಳಿದ. ಬಲ್ಬು ಈಗ ಬೆಳ್ಳಗೆ ಬೆಳಗಿತು. ಮೀಟರ್ 12 ವೋಲ್ಟ್ ತೋರಿಸಿತು. ಒಟ್ಟು ಸಾಮಾನಿನ ಖರ್ಚು: ಒಂದು ಹಾಳೆ ಉಪ್ಪುಕಾಗದ.

ಅವನು ಅಲ್ಲಿಗೂ ನಿಲ್ಲಲಿಲ್ಲ. ‘ಅಣ್ಣಾ, ಹಳೇ ಸೆನ್ಸರ್ ಎಲ್ಲಿ?’ ಎಂದ. ಡ್ರೈವರು ಅದನ್ನು ಸೀಟಿನ ಕೆಳಗೆ ಇಟ್ಟುಕೊಂಡಿದ್ದರು. ಹೊಸದನ್ನು ಬಿಚ್ಚಿ ಹಳೆಯದನ್ನೇ ಹಾಕಿದ. ಸಂಕೇತ ಅಳಿಸಿ ಮೂವರೂ ಇಪ್ಪತ್ತು ಕಿಲೋಮೀಟರ್ ಸುತ್ತಿ ಬಂದೆವು. ದೀಪ ಬರಲಿಲ್ಲ. ಹಳೆಯ ಸೆನ್ಸರಿನಲ್ಲಿಯೇ ಆ ಬಸ್ಸು ಒಂದು ತಿಂಗಳು ಓಡಿತು. ಅಂದರೆ ಅದು ಮೊದಲಿನಿಂದಲೂ ನಿರಪರಾಧಿ. ಹೊಸದನ್ನು ಹಾಕುವಾಗ ತಂತಿಗಳು ಅಲುಗಾಡಿ ಸಂಪರ್ಕ ಕೊಂಚ ಸುಧಾರಿಸಿದ್ದರಿಂದ ಒಂಬತ್ತು ದಿನ ನೆಮ್ಮದಿ ಸಿಕ್ಕಿರಬೇಕು. ಡ್ರೈವರು ಹೊಸ ಸೆನ್ಸರನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನೆ ನೋಡಿದರು. ಆ ದುಡ್ಡು ವಾಪಸು ಬರುವಂಥದ್ದಲ್ಲ.

ಬೆಳಗಿನ ತಣ್ಣನೆಯ ಪರೀಕ್ಷೆ

ಇದೇ ಬಗೆಯ ತರ್ಕದಿಂದ ಹೊಗೆ ದಾರಿಯ ಇತರ ಸೆನ್ಸರುಗಳನ್ನೂ ಪರೀಕ್ಷಿಸಬಹುದೆಂದು ಅವನು ತೋರಿಸಿದ. ಮಸಿ ಜರಡಿಯ ಹಿಂದೆ-ಮುಂದೆ ಎರಡು ಸಣ್ಣ ಕೊಳವೆಗಳಿಂದ ಒತ್ತಡದ ವ್ಯತ್ಯಾಸ ಅಳೆಯುವ ಸೆನ್ಸರೊಂದಿದೆ. ಎಂಜಿನ್ ನಿಂತಿರುವಾಗ ಹೊಗೆಯೇ ಹರಿಯುತ್ತಿಲ್ಲ. ಆದ್ದರಿಂದ ವ್ಯತ್ಯಾಸ ಸೊನ್ನೆ ಇರಲೇಬೇಕು. ಆಗಲೂ ಅದು ಒತ್ತಡ ತೋರಿಸಿದರೆ ಸೆನ್ಸರ್ ಅಥವಾ ಅದರ ತಂತಿಯ ಮೇಲೆ ಸಂಶಯ. ನಿಂತಾಗ ಸೊನ್ನೆ ತೋರಿಸಿ, ಓಡುವಾಗ ವಿಚಿತ್ರ ಅಂಕಿ ಕೊಟ್ಟರೆ ಕೊಳವೆ ಸೀಳಿದೆಯೋ ಕಟ್ಟಿಕೊಂಡಿದೆಯೋ ನೋಡಬೇಕು.

ಹೊಗೆಯ ಉಷ್ಣತೆ ಅಳೆಯುವ ಸೆನ್ಸರುಗಳಲ್ಲಿ ಹಲವು ಪ್ಲಾಟಿನಂ ತಂತಿಯವು. ಬಿಸಿ ಹೆಚ್ಚಿದಂತೆ ಪ್ಲಾಟಿನಂ ರೋಧವೂ ಹೆಚ್ಚುತ್ತದೆ. ಒಂದು ಬಗೆಯಲ್ಲಿ 0 ಡಿಗ್ರಿಗೆ 200 ಓಮ್, 25 ಡಿಗ್ರಿಗೆ ಸುಮಾರು 219 ಓಮ್. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಿಗ್ಗೆ ಎಂಜಿನ್ ಚಾಲೂ ಮಾಡದೆ ಸ್ಕ್ಯಾನರಿನಲ್ಲಿ ನೋಡಿದರೆ ಈ ಎಲ್ಲ ಸೆನ್ಸರುಗಳೂ ಹೆಚ್ಚುಕಡಿಮೆ ಹೊರಗಿನ ಗಾಳಿಯ ಉಷ್ಣತೆಯನ್ನೇ ತೋರಿಸಬೇಕು. ಮೂರು 22 ಡಿಗ್ರಿ ಎನ್ನುವಾಗ ನಾಲ್ಕನೆಯದು 140 ಎಂದರೆ ಕಳ್ಳ ಯಾರೆಂದು ಬಿಡಿಸಿ ಹೇಳಬೇಕೆ? ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಉಪಕರಣಕ್ಕೆ ಕೇಳುವುದು, ಪ್ರಯೋಗಾಲಯದ ಅತ್ಯಂತ ಹಳೆಯ ಉಪಾಯ.

ಒಂದು ಎಚ್ಚರಿಕೆ. ಓಡಿ ಬಂದ ಗಾಡಿಯ ಸೈಲೆನ್ಸರ್ ಚರ್ಮ ಸುಡುವಷ್ಟು ಬಿಸಿಯಿರುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದು ಪ್ರಾಣಾಪಾಯ. ಮಕ್ಕಳು ಗಾಡಿಯ ಅಡಿಗೆ ಹೋಗಲೇಕೂಡದು.

ಡಬ್ಬಿ ಹಾಕಿಸಿದ್ದರೆ?

ಆ ಐದು ಸಾವಿರದ ಡಬ್ಬಿಯ ವಿಷಯ ಮರೆಯುವಂತಿಲ್ಲ. ಅದು ಸೆನ್ಸರಿನ ಬದಲು ಗಣಕಕ್ಕೆ ‘ಎಲ್ಲ ಶುದ್ಧ, ಎಲ್ಲ ಶುದ್ಧ’ ಎಂದು ಸುಳ್ಳು ಹೇಳುತ್ತಲೇ ಇರುತ್ತದೆ. ಯೂರಿಯ ಸಿಂಪಡಣೆ ನಿಂತರೂ ಯಾರಿಗೂ ತಿಳಿಯದು. ನಮ್ಮಲ್ಲಿ ಡೀಸೆಲ್ ವಾಹನಗಳ ಹೊಗೆ ತಪಾಸಣೆಯಲ್ಲಿ ಹೊಗೆ ಎಷ್ಟು ಮಂದವಾಗಿದೆ ಎಂದು ಬೆಳಕಿನಿಂದ ಅಳೆಯುತ್ತಾರೆ. ನಾಕ್ಸ್ ಅಲ್ಲಿ ಕಾಣುವುದಿಲ್ಲ. ಹಾಗಾಗಿ ಸರ್ಟಿಫಿಕೇಟೂ ಸಿಗುತ್ತದೆ. ಸಂಜೆ ಶಾಲೆ ಬಿಟ್ಟಾಗ ಬಸ್ಸಿನ ಹಿಂದೆ ಸಾಲಾಗಿ ನಿಲ್ಲುವ ಮಕ್ಕಳ ಮೂಗಿಗೆ ಮಾತ್ರ ನಿಜ ತಲುಪುತ್ತದೆ.

ಇಂಥ ಸುಳ್ಳನ್ನು ದೊಡ್ಡವರೂ ಹೇಳಿದ್ದುಂಟು. 2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯದ ತಂಡವೊಂದು ಡೀಸೆಲ್ ಕಾರುಗಳಿಗೆ ಅಳತೆಯ ಉಪಕರಣ ಕಟ್ಟಿಕೊಂಡು ರಸ್ತೆಯಲ್ಲೇ ಓಡಿಸಿ ನಾಕ್ಸ್ ಅಳೆಯಿತು. ಫೋಕ್ಸ್‌ವ್ಯಾಗನ್ ಜೆಟ್ಟಾ ಕಾರು ಮಿತಿಗಿಂತ 15ರಿಂದ 35 ಪಟ್ಟು ನಾಕ್ಸ್ ಉಗುಳುತ್ತಿತ್ತು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಮಾತ್ರ ಪಾಸು. ವರದಿ 2014ರಲ್ಲಿ ಹೊರಬಂತು. ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿ ಆಗ ಮಾತ್ರ ಶುದ್ಧವಾಗಿ ವರ್ತಿಸುವ ತಂತ್ರಾಂಶವನ್ನು ಕಾರಿನ ಗಣಕದಲ್ಲಿ ಅಡಗಿಸಿದ್ದರೆಂದು 2015ರ ಸೆಪ್ಟೆಂಬರಿನಲ್ಲಿ ಅಲ್ಲಿನ ಪರಿಸರ ಇಲಾಖೆ ಪ್ರಕಟಿಸಿತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಅದು ಇತ್ತೆಂದು ಕಂಪನಿ ಒಪ್ಪಿಕೊಂಡಿತು. ಅಳತೆ ಮಾಡಿದ ಆ ಸಣ್ಣ ತಂಡದಲ್ಲಿ ಬೆಂಗಳೂರಿನಿಂದ ಹೋಗಿದ್ದ ಹೇಮಂತ್ ಕಪ್ಪಣ್ಣ ಅವರೂ ಇದ್ದರೆಂಬುದು ನಮಗೆ ಹೆಮ್ಮೆಯ ವಿಷಯ. ಅವರು ಯಾರನ್ನೂ ಹಿಡಿಯಲು ಹೊರಟವರಲ್ಲ. ಅಂಕಿಗಳು ತಾಳೆಯಾಗದಿದ್ದಾಗ ತಮ್ಮ ಉಪಕರಣವನ್ನೇ ಮೊದಲು ಸಂಶಯಿಸಿ, ಮತ್ತೆ ಮತ್ತೆ ಅಳೆದವರು.

ಮನೆಯಲ್ಲೇ ಒಂದು ಪ್ರಯೋಗ

ವಿದ್ಯಾರ್ಥಿಗಳೇ, ಬಲ್ಬಿನ ಪರೀಕ್ಷೆಯ ಮರ್ಮವನ್ನು ನೀವು ಮನೆಯಲ್ಲೇ ನೋಡಬಹುದು. ಟಾರ್ಚಿನಲ್ಲಿ ಸವೆದುಹೋದ ಹಳೆಯ ಸೆಲ್ ಒಂದನ್ನು ತೆಗೆದುಕೊಳ್ಳಿ. ಮಲ್ಟಿಮೀಟರ್ ಇಟ್ಟರೆ ಅದು 1.3 ವೋಲ್ಟಿನಷ್ಟು ತೋರಿಸಿ ನಿಮ್ಮನ್ನು ನಂಬಿಸಬಹುದು. ಅದಕ್ಕೊಂದು ಪುಟ್ಟ ಟಾರ್ಚ್ ಬಲ್ಬು ಜೋಡಿಸಿ, ಬಲ್ಬು ಜೋಡಿಸಿದಂತೆಯೇ ಮತ್ತೆ ಅಳೆಯಿರಿ. ವೋಲ್ಟೇಜ್ ಕುಸಿಯುವುದನ್ನು ಕಾಣುವಿರಿ. ಹೊಸ ಸೆಲ್ಲಿನೊಂದಿಗೂ ಮಾಡಿ, ಎರಡೂ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಳೆಯ ಸೆಲ್ಲಿನೊಳಗೆ ಅಡಗಿರುವ ರೋಧ ಎಷ್ಟೆಂದು ಲೆಕ್ಕ ಹಾಕಲೂಬಹುದು.

ತಂದೆತಾಯಿಯರಲ್ಲಿ ನನ್ನದೊಂದು ವಿನಂತಿ. ಶಾಲಾ ಬಸ್ಸಿನ ದೀಪ ಹತ್ತಿ ಡ್ರೈವರು ಒಂದು ದಿನ ಗಾಡಿ ನಿಲ್ಲಿಸಿದರೆ ಬೈಯಬೇಡಿ. ಅವಸರಪಡಿಸಿದರೆ ಅವರು ಡಬ್ಬಿಯವನ ಬಳಿಗೇ ಹೋಗುತ್ತಾರೆ. ಮತ್ತೆ, ನಿಮ್ಮ ಮಗ ಓಮನ ನಿಯಮದ ಲೆಕ್ಕದಲ್ಲಿ ಸೊನ್ನೆ ತೆಗೆದುಕೊಂಡು ಬಂದರೆ ಅವನಿಗೆ ವಿದ್ಯೆಯೇ ತಲೆಗೆ ಹತ್ತದೆಂದು ತೀರ್ಮಾನಿಸಬೇಡಿ. ನಾನು ಹಾಗೆ ತೀರ್ಮಾನಿಸಿದ್ದೆ. ಹೊರಡುವ ಮುನ್ನ ಕಾಫಿ ಕುಡಿಯುತ್ತ ಆ ಹುಡುಗ ಹೇಳಿದ: ‘ಸರ್, ನೀವು ಬೋರ್ಡಿನ ಮೇಲೆ ಬರೆದಾಗ ಆ ರೋಧ ಎಲ್ಲಿರುತ್ತೆ ಅಂತ ನನಗೆ ಗೊತ್ತಾಗ್ತಿರಲಿಲ್ಲ. ಕೆಸರಿನ ಕೆಳಗೆ ಸಿಕ್ಕಿದ ಮೇಲೆ ಗೊತ್ತಾಯ್ತು.’

ಈ ವರ್ಷದಿಂದ ನಾನು ಆ ಪಾಠವನ್ನು ಶುರುಮಾಡುವಾಗ ಬ್ಯಾಟರಿ, ತಂತಿಯ ಜೊತೆಗೆ ತುಕ್ಕು ಹಿಡಿದ ಬೋಲ್ಟೊಂದನ್ನೂ ತರಗತಿಗೆ ಒಯ್ಯುತ್ತಿದ್ದೇನೆ.